ಪರ್ಲ್ ಸ್ಕ್ರಿಪ್ಟ್ ಬರೆದುಕೊಟ್ಟ ಕೋಡ್ ಎಡವಟ್ಟಾದಾಗ

ಒಂದು ಟೆಕ್ಸ್ಟ್ ಫೈಲ್. ಸಾಲಿಗೊಂದು ಫೀಲ್ಡ್: ಟೈಪ್, ಹೆಸರು, ಉದ್ದ, ನಡುವೆ ಟ್ಯಾಬ್. ಅದನ್ನು ಓದಿ ಸಿ ಭಾಷೆಯ ಹೆಡರ್ ಫೈಲ್ (ಡೇಟಾ ಯಾವ ರೂಪದಲ್ಲಿದೆ ಎಂದು ಕಂಪೈಲರಿಗೆ ಹೇಳುವ ಫೈಲ್) ಬರೆದುಕೊಡುವ, ಪರ್ಲ್ ಭಾಷೆಯ ಮೂವತ್ತು ಸಾಲಿನ ಸ್ಕ್ರಿಪ್ಟ್. ಇಂಥದ್ದು ಕೈಕೊಟ್ಟಾಗ ಹೊಸಬರು ನೇರ ಲೂಪಿಗೆ ಕೈಹಾಕುತ್ತಾರೆ. ಬಹಳ ಸಲ ತಪ್ಪು ಅಲ್ಲಿರುವುದೇ ಇಲ್ಲ. ಫೈಲ್ ತೆರೆಯುವಲ್ಲಿ, ಸಾಲಿನ ತುದಿಯಲ್ಲಿ, ಇಲ್ಲವೇ ಕೋಟ್ ಗುರುತಿನಲ್ಲಿ ಅಡಗಿರುತ್ತದೆ. (ಕೋಡ್ ಪದಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.)

ಸ್ಕ್ರಿಪ್ಟಿನ ಮೇಲ್ಗಡೆ, ತಪ್ಪು ಹಿಡಿದುಕೊಡುವ ಯೂಸ್ ಸ್ಟ್ರಿಕ್ಟ್, ಯೂಸ್ ವಾರ್ನಿಂಗ್ಸ್ ಎಂಬ ಸಾಲುಗಳು ಇವೆಯೇ ನೋಡಿ. ಆಮೇಲೆ ಪರ್ಲ್ ಕಮಾಂಡಿಗೆ -ಸಿ ಕೊಟ್ಟು ಸಿಂಟ್ಯಾಕ್ಸ್ ಪರೀಕ್ಷಿಸಿ. ಹತ್ತು ಎರರ್ ಬಂದರೂ ಮೊದಲನೆಯದನ್ನು ಮಾತ್ರ ಸರಿಮಾಡಿ ಮತ್ತೆ ಓಡಿಸಿ, ಉಳಿದವು ಸಾಮಾನ್ಯವಾಗಿ ಅದರ ಬಾಲ. ತೋರಿಸಿದ ಸಾಲು ಸರಿಯಾಗಿಯೇ ಕಂಡರೆ ಮೇಲಿನ ಸಾಲಿನಲ್ಲಿ ಸೆಮಿಕೋಲನ್ ಬಿಟ್ಟುಹೋಗಿರಬಹುದು.

ಈಗ ಫೈಲ್ ತೆರೆಯುವ ಸಾಲು. ಇದನ್ನು ನೋಡಿ:

ಓಪನ್ ಮೈ $ಇನ್, '<', $ಫೈಲ್ || ಡೈ "ತೆರೆಯಲಿಲ್ಲ: $!";

ನೋಡಲು ಚೊಕ್ಕ, ಆದರೆ ಸಂದೇಶ ಕೊಟ್ಟು ಸ್ಕ್ರಿಪ್ಟ್ ನಿಲ್ಲಿಸಬೇಕಾದ ಈ ಡೈ ಕೆಲಸಕ್ಕೆ ಬರುವುದಿಲ್ಲ. || ಬಿಗಿಯಾಗಿ ಅಂಟುವ ಆಪರೇಟರ್. ಅದು ಓಪನ್‌ಗಲ್ಲ, ಪಕ್ಕದ $ಫೈಲ್‌ಗೆ ಅಂಟಿಕೊಳ್ಳುತ್ತದೆ. ಫೈಲ್ ಹೆಸರು ಖಾಲಿಯಲ್ಲವಾದ್ದರಿಂದ ಓಪನ್ ಸೋತರೂ ಡೈ ತನಕ ಹೋಗುವುದೇ ಇಲ್ಲ. || ತೆಗೆದು 'ಓಆರ್' ಎಂಬ ಪದವನ್ನೇ ಹಾಕಿ. $! ಇರಲೇಬೇಕು, ಫೈಲ್ ಇಲ್ಲವೋ ಪರ್ಮಿಷನ್ ಇಲ್ಲವೋ ಹೇಳುವುದು ಅದೇ. ಡೈ ಸಂದೇಶದ ಕೊನೆಯಲ್ಲಿ ನ್ಯೂಲೈನ್ ಹಾಕಬೇಡಿ, ಹಾಕಿದರೆ ಪರ್ಲ್ ಸಾಲಿನ ನಂಬರ್ ಹೇಳುವುದಿಲ್ಲ. ಫೈಲ್ ಕಣ್ಣೆದುರೇ ಇದ್ದೂ ಇಲ್ಲ ಎಂದರೆ ನೀವು ಯಾವ ಫೋಲ್ಡರಿನಲ್ಲಿ ನಿಂತು ಓಡಿಸಿದ್ದೀರಿ ನೋಡಿ. ಬರೀ ಹೆಸರು ಕೊಟ್ಟರೆ ಪರ್ಲ್ ಹುಡುಕುವುದು ಆ ಫೋಲ್ಡರಿನಲ್ಲಿ, ಸ್ಕ್ರಿಪ್ಟ್ ಇರುವಲ್ಲಿ ಅಲ್ಲ.

ಹೆಚ್ಚು ಸಮಯ ತಿನ್ನುವುದು ಮಾತ್ರ ವಿಂಡೋಸ್‌ನಲ್ಲಿ ಸೇವ್ ಮಾಡಿ ಲಿನಕ್ಸ್‌ನಲ್ಲಿ ಓದಿದ ಫೈಲ್. ವಿಂಡೋಸ್ ಫೈಲಿನಲ್ಲಿ ಸಾಲಿನ ತುದಿಗೆ ಕ್ಯಾರೇಜ್ ರಿಟರ್ನ್ (ಕರ್ಸರನ್ನು ಸಾಲಿನ ಮೊದಲಿಗೆ ಒಯ್ಯುವ ಗುರುತು), ನ್ಯೂಲೈನ್ ಎರಡೂ ಇರುತ್ತವೆ. ಪರ್ಲಿನ ಚಾಂಪ್ ಫಂಕ್ಷನ್ ನ್ಯೂಲೈನನ್ನು ಮಾತ್ರ ಕತ್ತರಿಸುತ್ತದೆ. ಉಳಿದ ಕ್ಯಾರೇಜ್ ರಿಟರ್ನ್ ಕೊನೆಯ ಕಾಲಮ್ಮಾದ ಉದ್ದಕ್ಕೆ ಅಂಟಿಕೊಂಡು ಹೆಡರ್ ಫೈಲಿಗೂ ಹೋಗುತ್ತದೆ. ಟರ್ಮಿನಲ್‌ನಲ್ಲಿ ಪ್ರಿಂಟ್ ಮಾಡಿದರೆ ಗುರುತು ಸಿಗುತ್ತದೆ: ಸಾಲಿನ ಕೊನೆಯಲ್ಲಿರಬೇಕಾದ ]; ಗುರುತು ಮೊದಲಿಗೆ ಬಂದು ಕುಳಿತು, ಟೈಪಿನ ಮೊದಲೆರಡು ಅಕ್ಷರ ನುಂಗಿರುತ್ತದೆ. ಫೈಲಿನ ಒಂದೊಂದು ಬೈಟನ್ನೂ ತೋರಿಸುವ 'ಓ-ಡಿ' ಎಂಬ ಕಮಾಂಡಿಗೆ -ಸಿ ಕೊಟ್ಟು ಇನ್‌ಪುಟ್ ಫೈಲ್ ನೋಡಿದರೆ ಖಾತ್ರಿಯಾಗುತ್ತದೆ. ಚಾಂಪ್ ಬದಲು ಸಾಲಿನ ತುದಿಯ ಬ್ಯಾಕ್‌ಸ್ಲ್ಯಾಶ್ ಕ್ಯಾಪಿಟಲ್ ಆರ್ ಪ್ಯಾಟರ್ನಿಗೆ ಹೊಂದುವುದನ್ನು ಅಳಿಸಿ. ಪರ್ಲ್ 5.10ರಿಂದ ಇದಿದೆ, ಎರಡೂ ಬಗೆಯ ಸಾಲಿಗೆ ಆಗುತ್ತದೆ. ಮೊದಲ ಸಾಲಿನ ಮೊದಲ ಕಾಲಮ್ ಮಾತ್ರ ಹೊಂದುತ್ತಿಲ್ಲವೆಂದರೆ ಅನುಮಾನ ಬಿಒಎಂ ಮೇಲಿರಲಿ. ಯುಟಿಎಫ್-8 ಫೈಲಿನ ತಲೆಗೆ ಅಂಟಿದ, ಕಣ್ಣಿಗೆ ಕಾಣದ 3 ಬೈಟ್ ಅದು.

ಸಾಲನ್ನು ಕಾಲಮ್‌ಗಳಾಗಿ ಒಡೆಯುವ ಸ್ಪ್ಲಿಟ್, ಸಾಲಿನ ಕೊನೆಯ ಖಾಲಿ ಕಾಲಮ್‌ಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಮೂರನೇ ಆರ್ಗ್ಯುಮೆಂಟಾಗಿ -1 ಕೊಡಿ.

ಔಟ್‌ಪುಟ್ ಫೈಲ್ 0 ಬೈಟ್ ಇದ್ದು, ಪರದೆ ಮೇಲೆ ಗ್ಲಾಬ್ ಎಂದು ಶುರುವಾಗುವ ವಿಚಿತ್ರ ಪದ ಬಂದರೆ, ಪ್ರಿಂಟ್ $ಔಟ್ ಆದಮೇಲೆ ಕಾಮಾ ಹಾಕಿದ್ದೀರಿ. ತೆಗೆಯಿರಿ. ಓದುತ್ತಿರುವ ಫೈಲನ್ನೇ '>' ಹಾಕಿ ತೆರೆದಿದ್ದರೆ ಅದು ಆ ಕ್ಷಣವೇ ಬರಿದಾಗಿರುತ್ತದೆ. ತಾತ್ಕಾಲಿಕ ಹೆಸರಿಗೆ ಬರೆದು, ಕ್ಲೋಸ್ ಮಾಡಿ, ಆಮೇಲೆ ರಿನೇಮ್ ಮಾಡಿ. ಸ್ಕ್ರಿಪ್ಟಿನ ಒಳಗಿಂದಲೇ ಕಂಪೈಲರ್ ಕರೆಯುವುದಾದರೂ ಅದಕ್ಕೆ ಮೊದಲು ಕ್ಲೋಸ್ ಆಗಿರಬೇಕು. ಇಲ್ಲದಿದ್ದರೆ ಕೆಲವು ಸಿಸ್ಟಮ್‌ಗಳಲ್ಲಿ ಕೊನೆಯ ಕೆಲವು ಸಾಲು ಇನ್ನೂ ಬಫರಿನಲ್ಲೇ (ಫೈಲಿಗೆ ಹೋಗುವ ಮುಂಚೆ ಮೆಮೊರಿಯಲ್ಲಿ ಕಾಯುವ ಜಾಗ) ಕುಳಿತಿರಬಹುದು.

ಹಿಯರ್‌ಡಾಕ್ (ಹಲವು ಸಾಲಿನ ಪಠ್ಯವನ್ನು ಒಟ್ಟಿಗೆ ಸ್ಕ್ರಿಪ್ಟಿನೊಳಗೆ ಬರೆಯುವ ರೀತಿ) ಬೇರೆಯೇ ತಲೆನೋವು. <<ನ ಮುಂದೆ ಡಬಲ್ ಕೋಟ್ ಇದ್ದರೆ (ಕೋಟೇ ಇಲ್ಲದಿದ್ದರೂ) ಒಳಗಿನ $, @, ಬ್ಯಾಕ್‌ಸ್ಲ್ಯಾಶ್ ಎಲ್ಲಕ್ಕೂ ಪರ್ಲ್ ತನ್ನ ಅರ್ಥ ಹಚ್ಚುತ್ತದೆ. ಸಿ ಕೋಡಿನ ಪ್ರಿಂಟ್‌ಎಫ್ ಒಳಗಿನ ನ್ಯೂಲೈನ್ ಗುರುತು ನಿಜವಾದ ಹೊಸ ಸಾಲಾಗಿ, ಸ್ಟ್ರಿಂಗ್ ನಡುವೆಯೇ ಮುರಿದುಬೀಳುತ್ತದೆ. ಕಮೆಂಟಿನ @ಪ್ಯಾರಮ್ ಅನ್ನು ಪರ್ಲ್ ಅರೇ ಎಂದುಕೊಂಡು ಸ್ಟ್ರಿಕ್ಟ್ ಎರರ್ ಕೊಡುತ್ತದೆ. ಒಂದೆರಡು ಕಡೆಯಾದರೆ ಹಿಂದೊಂದು ಬ್ಯಾಕ್‌ಸ್ಲ್ಯಾಶ್ ಸೇರಿಸಿ. ಹೆಚ್ಚಿದ್ದರೆ ಸಿಂಗಲ್ ಕೋಟ್ ಹಿಯರ್‌ಡಾಕ್ ಬರೆದು, ಬದಲಾಗುವ ಜಾಗಕ್ಕೆ ಒಂದು ಗುರುತುಪದ ಇಟ್ಟು, ಕೊನೆಗೆ ಅದನ್ನು ಬದಲಿಸುವುದೇ ಸಲೀಸು. ಮುಗಿಸುವ ಪದ ಸಾಲಿನ ಮೊದಲಲ್ಲೇ ಒಂಟಿಯಾಗಿರಬೇಕು, ಹಿಂದೆಮುಂದೆ ಒಂದು ಸ್ಪೇಸೂ ಕೂಡದು. ಪರ್ಲ್ 5.26 ಅಥವಾ ಮುಂದಿನದಾದರೆ <<~ ಬಳಸಿ ಇಂಡೆಂಟ್ ಮಾಡಬಹುದು.

ಇನ್‌ಪುಟ್ ಬದಲಾಗದೆಯೂ ಪ್ರತಿಸಲ ಬೇರೆ ಕ್ರಮದಲ್ಲಿ ಕೋಡ್ ಬರುತ್ತಿದೆಯೇ? ಹ್ಯಾಶ್‌ನ (ಕೀ ಮತ್ತು ಬೆಲೆಯ ಜೋಡಿಗಳ ಸಂಗ್ರಹ) ಕೀಗಳಿಗೆ ಖಾಯಂ ಕ್ರಮವಿಲ್ಲ. ಸಾರ್ಟ್ ಮಾಡಿ ಲೂಪಿಗೆ ಕೊಡಿ. ಸ್ಟ್ರಕ್ಟ್ (ಸಿ ಭಾಷೆಯಲ್ಲಿ ಹಲವು ಫೀಲ್ಡ್‌ಗಳ ಗುಂಪು) ಒಳಗಿನ ಫೀಲ್ಡ್‌ಗಳಾದರೆ ಸಾರ್ಟ್ ಕೂಡ ಬೇಡ, ಫೈಲಿನಲ್ಲಿದ್ದ ಕ್ರಮವನ್ನೇ ಅರೇಯಲ್ಲಿ ಇಟ್ಟುಕೊಳ್ಳಿ.

ಇಷ್ಟಾದರೂ ಹೆಡರ್ ಕಂಪೈಲ್ ಆಗದಿದ್ದರೆ, ಪ್ರತಿ ಫೀಲ್ಡಿನ ಮುಂಚೆ ಸಿ ಭಾಷೆಯ #ಲೈನ್ ಡೈರೆಕ್ಟಿವ್ ಬರೆಯಿಸಿ: ಅದರ ಮುಂದೆ $. ಬೆಲೆ, ಆಮೇಲೆ ಕೋಟ್ ಒಳಗೆ ಇನ್‌ಪುಟ್ ಫೈಲಿನ ಹೆಸರು. ಓದುತ್ತಿರುವ ಸಾಲಿನ ನಂಬರ್ $. ಒಳಗಿರುತ್ತದೆ. ಆಗ ಕಂಪೈಲರ್ ಬೈಯುವುದು ಹೆಡರಿನ 340ನೇ ಸಾಲನ್ನಲ್ಲ, ನಿಮ್ಮ ಟೆಕ್ಸ್ಟ್ ಫೈಲಿನ 12ನೇ ಸಾಲನ್ನು.