"ಹಿಂದೆ ಬರ್ತಿದ್ದಾರೆ": ತುಮಕೂರಿಂದ ಕೋಲಾರಕ್ಕೆ ಒಬ್ಬಳೇ ಸೈಕಲ್ಲಲ್ಲಿ

ಮೊದಲ ಸಲ ನಂದಿ ಬೆಟ್ಟಕ್ಕೆ ಸೈಕಲ್ ಒಯ್ದಾಗ ಅರ್ಧ ದಾರಿಯಲ್ಲೇ ಇಳಿದು ತಳ್ಳಿದ್ದೆ. ನಲವತ್ತು ದಾಟಿತು, ಕಾಲಲ್ಲಿ ಕಸುವಿಲ್ಲ ಅಂದುಕೊಂಡು ವಾಪಸ್ ಬಂದೆ. ತುಮಕೂರಿನ ಸೈಕಲ್ ರಿಪೇರಿಯವರು ಹಿಂದಿನ ಚಕ್ರ ನೋಡಿ ನಕ್ಕರು. "ಇದ್ರಲ್ಲಿ ಬೆಟ್ಟ ಹತ್ತೋಕೆ ಹೋಗಿದ್ರಾ ಮೇಡಂ?"

ನನ್ನದು ಸಾಮಾನ್ಯ ಹೈಬ್ರಿಡ್ ಸೈಕಲ್. ಮುಂದಿನ ಚಿಕ್ಕ ಗೇರಿಗೆ 28 ಹಲ್ಲು, ಹಿಂದಿನ ದೊಡ್ಡ ಗೇರಿಗೂ 28. ಪೆಡಲ್ ಒಂದು ಸುತ್ತು ತುಳಿದರೆ ಚಕ್ರವೂ ಒಂದು ಸುತ್ತು, ಅಂದರೆ 2.1 ಮೀಟರ್ ದೂರ. ಬೆಟ್ಟದಲ್ಲಿ ಅದು ಜಾಸ್ತಿಯಾಯಿತು. ಅವರು ದೊಡ್ಡ ಗೇರಿಗೆ 34 ಹಲ್ಲಿರುವ ಫ್ರೀವೀಲ್, ಅಂದರೆ ಹಿಂದಿನ ಗೇರುಗಳ ಗೊಂಚಲು, ಹಾಕಿದರು, ಚೈನಿಗೆ ಎರಡು ಕೊಂಡಿ ಸೇರಿಸಿದರು. ಈಗ ಒಂದು ಸುತ್ತಿಗೆ 1.7 ಮೀಟರ್ ಮಾತ್ರ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 6 ಕಿಲೋಮೀಟರ್. ಜೋರಾಗಿ ನಡೆಯೋರು ನಮ್ಮ ಪಕ್ಕದಲ್ಲೇ ಮಾತಾಡ್ಕೊಂಡು ಬರಬಹುದು. ಬರಲಿ ಬಿಡಿ, ಉಸಿರು ಕಟ್ಟಲ್ಲ.

ಎರಡು ತಿಂಗಳು ಭಾನುವಾರ ಬೆಳಗ್ಗೆ ದೇವರಾಯನದುರ್ಗದಲ್ಲಿ ಅಭ್ಯಾಸ ಮಾಡಿದೆ. ನಾಮದ ಚಿಲುಮೆ ದಾಟಿ, ಭೋಗನರಸಿಂಹನ ಗುಡಿಯಿಂದ ಮೇಲಕ್ಕೆ ಯೋಗನರಸಿಂಹನ ಕಡೆ ಹೋಗುವ ರಸ್ತೆಯಿದೆಯಲ್ಲ, ಅದೇ ನನ್ನ ಪಾಠಶಾಲೆ. ಇಳಿಯೋದನ್ನು ಕಲಿತದ್ದೂ ಅಲ್ಲೇ. ಬ್ರೇಕ್ ಹಿಡಿದೇ ಇದ್ದರೆ ರಿಮ್ ಕಾಯುತ್ತದೆ. ಒಂದಿನ ಕೆಳಗೆ ಬಂದು ಮುಟ್ಟಿ ನೋಡಿದೆ, ದೋಸೆ ಹಂಚು! ಆಮೇಲಿಂದ ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು, ತಿರುವಿನಲ್ಲಿ ಬಿಡೋದು ರೂಢಿ ಮಾಡಿಕೊಂಡೆ. ಬಾಳೆಹಣ್ಣನ್ನು ಹ್ಯಾಂಡಲ್ ಚೀಲದಲ್ಲಿ ಇಡಬಾರದು ಅನ್ನೋದನ್ನು ಅಲ್ಲಿನ ಕೋತಿಗಳು ಕಲಿಸಿದವು.

ಡಿಸೆಂಬರ್ ಕೊನೆಯಲ್ಲಿ ಮಂಡಿಯಿಂದ ನಾಲ್ಕು ದಿನ ರಜೆ ಹಾಕಿದೆ. ನಾನು ಅಲ್ಲಿ ಲೆಕ್ಕ ಬರೆಯುತ್ತೇನೆ. ಕೊರಟಗೆರೆ, ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರ. ನಡುವೆ ನಂದಿ ಬೆಟ್ಟ. ಎಲ್ಲ ಸೇರಿ 230 ಕಿಲೋಮೀಟರ್ ಚಿಲ್ಲರೆ. ಎರಡು ಜೊತೆ ಬಟ್ಟೆ, ಒಂದು ಟ್ಯೂಬ್, ಪ್ಯಾಚ್, ಪಂಪು, ಕಡಲೆ ಮಿಠಾಯಿ, ನೀರಿಗೆ ಹಾಕೋಕೆ ಉಪ್ಪು ಸಕ್ಕರೆ ಪೊಟ್ಟಣ. ಇಷ್ಟೇ ಸಾಮಾನು.

ಮಧುಗಿರಿವರೆಗೆ ಸಲೀಸು. ಆ ಏಕಶಿಲಾ ಬೆಟ್ಟ ದೂರದಿಂದಲೇ ಕಾಣಿಸಿಕೊಂಡು, ಎಷ್ಟು ತುಳಿದರೂ ಹತ್ತಿರ ಬರದೆ ಆಟ ಆಡಿಸುತ್ತದೆ. ತಟ್ಟೆ ಇಡ್ಲಿ ತಿಂದು ಹೊರಟ ಮೇಲೆ ಶುರುವಾಯಿತು ನೋಡಿ ಜಾಲಿ ಮುಳ್ಳಿನ ಕಾಟ. ರಸ್ತೆ ಪಕ್ಕ ಬಳ್ಳಾರಿ ಜಾಲಿ ಕಡಿದು ಹಾಕಿದ್ದರು. ಹಿಂದಿನ ಚಕ್ರ ಪಂಕ್ಚರ್. ಟ್ಯೂಬ್ ಬದಲಾಯಿಸಿದೆ. ಎರಡು ಕಿಲೋಮೀಟರ್ ಹೋಗಿಲ್ಲ, ಮತ್ತೆ ಠುಸ್.

ಹುಣಸೆ ಮರದ ಕೆಳಗೆ ಸೈಕಲ್ ತಲೆಕೆಳಗು ಮಾಡಿ ಕೂತಿದ್ದೆ. ಕುರಿ ಹೊಡೆದುಕೊಂಡು ಬಂದ ಅಜ್ಜ ಒಬ್ಬರು ನಿಂತರು.

"ಒಬ್ಳೇನಾ ತಾಯಿ? ಯಜಮಾನ್ರೆಲ್ಲಿ?"

ಇದಕ್ಕೆ ಒಂದು ಉತ್ತರ ರೆಡಿ ಇಟ್ಟುಕೊಂಡಿದ್ದೆ. "ಹಿಂದೆ ಬರ್ತಿದ್ದಾರೆ ತಾತ." ಯಜಮಾನರು ಆ ಹೊತ್ತಿಗೆ ತುಮಕೂರಿನ ಅಂಗಡಿಯಲ್ಲಿ ವ್ಯಾಪಾರ ಮಾಡುತ್ತಿದ್ದರು. ಒಬ್ಬಳೇ ಹೋಗುವಾಗ ಇಂಥ ಒಂದು ಸುಳ್ಳು ಜೇಬಲ್ಲಿರಬೇಕು.

ಅಜ್ಜ ಟಯರ್ ಕೇಳಿ ಇಸ್ಕೊಂಡರು. ಒಳಗೆ ಬೆರಳು ಹಾಕಿ ನಿಧಾನಕ್ಕೆ ಸವರಿದರು, ರೊಟ್ಟಿ ಹಿಟ್ಟಲ್ಲಿ ಕಲ್ಲು ಹುಡುಕೋ ಹಾಗೆ. ಒಂದು ಕಡೆ ಬೆರಳು ನಿಂತಿತು. ಹೊರಗಿನಿಂದ ಏನೂ ಕಾಣಲ್ಲ. ಉಡಿದಾರಕ್ಕೆ ಕಟ್ಟಿದ್ದ ಚಿಮ್ಟ ತೆಗೆದು, ಟಯರ್ ಮಡಚಿ, ಒಂದೇ ಎಳೆತಕ್ಕೆ ಮುಳ್ಳಿನ ಮೊನೆ ಕಿತ್ತು ಅಂಗೈ ಮೇಲಿಟ್ಟರು. ಸಾಸಿವೆ ಕಾಳಿನಷ್ಟೂ ಇರಲಿಲ್ಲ. ಅದನ್ನು ಒಳಗೇ ಬಿಟ್ಟು ಹೊಸ ಟ್ಯೂಬ್ ಹಾಕಿದ್ದೆ ನಾನು. ಟ್ಯೂಬ್ ಬದಲಾಯಿಸಿದರೆ ಸಾಲದು, ಟಯರ್ ಒಳಗೆ ಸುತ್ತಲೂ ಬೆರಳಾಡಿಸಿ ನೋಡಲೇಬೇಕು.

ಪ್ಯಾಚ್ ಅಂಟಿಸಿ ಗಾಳಿ ಹೊಡೆಯುವಷ್ಟರಲ್ಲಿ ಮುಕ್ಕಾಲು ಗಂಟೆ. ಅಜ್ಜ ಮಧುಗಿರಿ ಕಡೆ ರಸ್ತೆ ನೋಡಿದರು, ನನ್ನನ್ನು ನೋಡಿದರು. "ನಿಮ್ ಯಜಮಾನ್ರು ಬೋ ನಿಧಾನ ಬುಡಮ್ಮ."

ರಾತ್ರಿ ಗೌರಿಬಿದನೂರು. ಲಾಡ್ಜ್ ಒಂದರಲ್ಲಿ "ಒಬ್ಬರೇ ಲೇಡೀಸಿಗೆ ರೂಮ್ ಕೊಡಲ್ಲ" ಅಂದರು. ಆಧಾರ್ ತೋರಿಸಿದರೂ ಇಲ್ಲ. ಕೈಯಲ್ಲಿ ಗ್ರೀಸು, ಬೆನ್ನಲ್ಲಿ 80 ಕಿಲೋಮೀಟರ್ ನೋವು. ಸಿಟ್ಟು ನೆತ್ತಿಗೇರಿತು. ಕೊನೆಗೆ ಮಂಡಿಯ ಸಹೋದ್ಯೋಗಿಗೆ ಫೋನ್ ಮಾಡಿ, ಅವರ ಅತ್ತಿಗೆ ಮನೆಯಲ್ಲಿ ಉಳಿದೆ. ಬಿಸಿ ಮುದ್ದೆ, ಹಿತಕಿದ ಅವರೆಬೇಳೆ ಸಾರು. ಮುಂದಿನ ಊರುಗಳಿಗೆ ಅಲ್ಲಿಂದಲೇ ಫೋನ್ ಮಾಡಿ, ಒಬ್ಬಳೇ ಅಂತ ಮೊದಲೇ ಹೇಳಿ ರೂಮ್ ಹಿಡಿದೆ. ಇದನ್ನು ಮನೆಯಿಂದಲೇ ಮಾಡಬೇಕಿತ್ತು.

ಮಾರನೇ ದಿನ ದೂರ ಕಡಿಮೆ, ಏರು ಜಾಸ್ತಿ. ಗೌರಿಬಿದನೂರು ಸಮುದ್ರಮಟ್ಟದಿಂದ 700 ಮೀಟರ್ ಆಸುಪಾಸು, ಚಿಕ್ಕಬಳ್ಳಾಪುರ 900 ದಾಟುತ್ತದೆ. ಮಧ್ಯಾಹ್ನಕ್ಕೇ ತಲುಪಿ, ಸುಮ್ನೆ ಮಲಗಿದೆ.

ಮೂರನೇ ದಿನ ಬೆಳಗಿನ ಜಾವ ನಂದಿ. ಬೇಕಂತಲೇ ವಾರದ ನಡುವಿನ ದಿನ ಆರಿಸಿದ್ದೆ, ಶನಿವಾರ ಭಾನುವಾರ ಕಾರುಗಳ ಸಾಲು. ಸಾಮಾನೆಲ್ಲ ರೂಮಲ್ಲೇ ಬಿಟ್ಟಿದ್ದೆ. ಬುಡದಿಂದ ತುದಿಗೆ ಸುಮಾರು 8 ಕಿಲೋಮೀಟರ್, ತುದಿ 1478 ಮೀಟರ್. ಮೊದಲ ತಿರುವಿನಿಂದಲೇ ಎಲ್ಲಕ್ಕಿಂತ ಹಗುರದ ಗೇರಿಗೆ ಹಾಕಿದೆ, ಬೇಕಿಲ್ಲದಿದ್ದರೂ. ಹಿಂದಿನ ಸಲ ಮಾಡಿದ ತಪ್ಪೇ ಅದು: ಕಾಲು ಸೋತ ಮೇಲೆ ಗೇರ್ ಹುಡುಕಿದ್ದೆ. ಬೆಂಗಳೂರಿನ ಹುಡುಗರು ಕಾರ್ಬನ್ ಸೈಕಲ್ಲುಗಳಲ್ಲಿ "ಸೂಪರ್ ಆಂಟಿ" ಅಂತ ದಾಟಿ ಹೋದರು. ಹೋದ ಸಲ ತಳ್ಳಲು ಇಳಿದ ತಿರುವು ಬಂತು. ಸೀಟಿನ ತುದಿಗೆ ಸರಿದು, ಮುಂದೆ ಬಾಗಿ, ಎದುರಿನ ಹತ್ತಡಿ ರಸ್ತೆ ಮಾತ್ರ ನೋಡುತ್ತಾ ತುಳಿದೆ. ಒಂದು ಗಂಟೆ 25 ನಿಮಿಷ. ಇಳಿಯಲಿಲ್ಲ, ತಳ್ಳಲಿಲ್ಲ.

ಮೇಲೆ ಮಂಜು ಬಿಟ್ಟು ಏನೂ ಕಾಣಲಿಲ್ಲ. ಬೆವರಿದ ಮೈಗೆ ಆ ಚಳಿ ಕೆಟ್ಟದ್ದು. ಜಾಕೆಟ್ ಒಳಗೆ ಎದೆಗೆ ಹಿಂದಿನ ದಿನದ ಪೇಪರ್ ಮಡಚಿಟ್ಟು ಇಳಿದೆ. ಗಾಳಿ ತಡೆಯೋಕೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಆದರೂ ಬ್ರೇಕ್ ಮೇಲಿನ ಬೆರಳು ಮರಗಟ್ಟಿ, ಎರಡು ಕಡೆ ನಿಂತು ಕೈ ಉಜ್ಜಿಕೊಳ್ಳಬೇಕಾಯಿತು.

ಕಷ್ಟ ಮುಗಿಯಿತು ಅಂದುಕೊಂಡಿದ್ದೆ. ಶಿಡ್ಲಘಟ್ಟದಲ್ಲಿ ಬೇಯುವ ರೇಷ್ಮೆ ಗೂಡಿನ ವಾಸನೆ ಮೂಗಿಗೆ ಹೊಡೆಯುವಾಗಲೇ ಎದುರು ಗಾಳಿಯೂ ಶುರುವಾಯಿತು. ಚಳಿಗಾಲದಲ್ಲಿ ನಮ್ಮ ಕಡೆ ಬೀಸೋದು ಮೂಡಣ ಗಾಳಿ. ನಾನು ಹೋಗುತ್ತಿದ್ದದ್ದೂ ಮೂಡಣಕ್ಕೆ. ಬೆಟ್ಟವಾದರೆ ತುದಿ ಅಂತ ಒಂದಿರುತ್ತದೆ, ಗಾಳಿಗೆ ಅದೂ ಇಲ್ಲ. ಸಮತಟ್ಟು ರಸ್ತೆಯಲ್ಲೂ ನಂದಿಯ ಗೇರಿನಲ್ಲೇ ತುಳಿದು, ಕತ್ತಲಾಗುವಾಗ ಚಿಂತಾಮಣಿ ಸೇರಿದೆ. ಲೆಕ್ಕ ಬರೆಯುವವಳಿಗೆ ಇಷ್ಟು ಲೆಕ್ಕ ಹೊಳೆಯಲಿಲ್ಲ! ಮುಂದಿನ ಡಿಸೆಂಬರಿಗೆ ಕೋಲಾರದಿಂದ ಹೊರಟು ತುಮಕೂರಿಗೆ ಬರುತ್ತೇನೆ.

ನಾಲ್ಕನೇ ದಿನ ಕೋಲಾರಕ್ಕೆ ಸಣ್ಣ ಓಟ. ಅಂತರಗಂಗೆ ಬೆಟ್ಟ ಹತ್ತುವ ಆಸೆಯಿತ್ತು, ಮೊಣಕಾಲು ಬೇಡ ಅಂದಿತು. ಪೇಟೆಯಲ್ಲಿ ಕಾಫಿ ಕುಡಿದು, ಒಂದು ಚಿಮ್ಟ ಕೊಂಡು, ಸೀಟಿನ ಕೆಳಗಿನ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ.