ಮಗುವಿಗೊಂದು ಬಿದಿರಿನ ಬಿಲ್ಲು: ಒಳಮೈ ಕೆರೆಯಿರಿ, ಹೊರಮೈ ಮುಟ್ಟಬೇಡಿ

ರಾತ್ರಿ ಯಕ್ಷಗಾನ ನೋಡಿ ಬಂದ ಮಗ ಬೆಳಿಗ್ಗೆ ಎದ್ದವನೇ ಹಿಡಿಸೂಡಿಯಿಂದ ಎರಡು ಕಡ್ಡಿ ಎಳೆದ. ಒಂದನ್ನು ಬಗ್ಗಿಸಿ ನೂಲು ಕಟ್ಟಿದ, ಇನ್ನೊಂದನ್ನು ಅದಕ್ಕೇ ಹೂಡಿ ಅಕ್ಕನ ಕಡೆ ಗುರಿ ಹಿಡಿದ. ತೆಂಗಿನ ಕಡ್ಡಿ ನೋಡಲು ಬಡಪಾಯಿ, ಆದರೆ ಅದರ ತುದಿ ಸೂಜಿಯ ಹಾಗೆ. ಕಣ್ಣಿಗೆ ಬಿದ್ದರೆ ಕತೆ ಮುಗೀತು. ಬೈದು ಕಿತ್ತುಕೊಂಡರೆ ನಾಳೆ ಇನ್ನೊಂದು ಮಾಡುತ್ತಾನೆ, ಅದರ ಬದಲು ನಾನೇ ಒಂದು ಸರಿಯಾದ ಬಿಲ್ಲು ಮಾಡಿಕೊಡುವುದು ವಾಸಿ ಅನ್ನಿಸಿತು. ತುಳುವಿನಲ್ಲಿ ಬಿರು-ಪಗರಿ ಅಂತೀವಲ್ಲ, ಅದೇ.

ನಾನು ಮಾಡಿದ ಮೊದಲ ಬಿಲ್ಲು ಎರಡನೇ ದಿನವೇ ಲಟ್ ಅಂತ ಮುರಿಯಿತು. ಹಸಿ ಬಿದಿರು, ಅದೂ ಆಟಿ ತಿಂಗಳ ಮಳೆಯಲ್ಲಿ ಕಡಿದದ್ದು. ಸಾಲದ್ದಕ್ಕೆ ಚಂದ ಕಾಣಲಿ ಅಂತ ಹೊರಗಿನ ಹಸಿರು ಸಿಪ್ಪೆಯನ್ನೆಲ್ಲ ನೀಟಾಗಿ ಕೆತ್ತಿ ತೆಗೆದಿದ್ದೆ. ಬಿದಿರಿನ ಜೀವ ಇರುವುದೇ ಅಲ್ಲಿ. ಬಿದಿರನ್ನು ಅಡ್ಡ ಕೊಯ್ದು ನೋಡಿ, ಹೊರಗಡೆ ನಾರಿನ ಚುಕ್ಕೆಗಳು ಒತ್ತೊತ್ತಾಗಿ ಕಪ್ಪಗೆ ಕಾಣುತ್ತವೆ, ಒಳಕ್ಕೆ ಹೋದಂತೆ ವಿರಳವಾಗುತ್ತವೆ. ಬಿಲ್ಲು ಬಾಗಿದಾಗ ಗುರಿಯ ಕಡೆಗಿರುವ ಮೈ ಎಳೆತ ತಡೆಯಬೇಕು. ಹಾಗಾಗಿ ಹೊರಮೈ ಗುರಿಯ ಕಡೆ, ಒಳಮೈ ಮಗುವಿನ ಕಡೆ. ಕೆರೆಯುವುದೆಲ್ಲ ಒಳಮೈಯಲ್ಲಿ ಮಾತ್ರ.

ಬಿದಿರು ಕನಿಷ್ಠ ಮೂರು ವರ್ಷ ಬಲಿತಿರಬೇಕು. ಮಳೆ ಮುಗಿದು ಚಳಿ ಶುರುವಾದ ಮೇಲೆ ಕಡಿದರೆ ಕುಟ್ಟೆ ಹುಳ ಹಿಡಿಯುವುದು ಕಡಿಮೆ. ಕಡಿದದ್ದನ್ನು ಎರಡು ಮೂರು ವಾರ ಕೆರೆಯಲ್ಲೋ ತೋಡಿನಲ್ಲೋ ಮುಳುಗಿಸಿಟ್ಟರೆ ಹುಳಕ್ಕೆ ರುಚಿಸುವ ಪಿಷ್ಟ ನೀರಿಗೆ ಹೋಗುತ್ತದೆ. ಆಮೇಲೆ ನೆರಳಲ್ಲಿ ಒಣಗಿಸಿ, ಒಂದು ತಿಂಗಳಾದರೂ ಬೇಕು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಉಡುಪಿಯಲ್ಲಿ ಒಣಗಿಸುವುದು ಅಂದರೆ ಒಲೆ ಮೇಲಿನ ಅಟ್ಟವೇ ಗತಿ. ಗ್ಯಾಸ್ ಒಲೆ ಮಾತ್ರ ಇರುವವರು ಬೇಸಿಗೆಯಲ್ಲೇ ಈ ಕೆಲಸ ಇಟ್ಟುಕೊಳ್ಳಿ.

ಇನ್ನು ಅಳತೆ. ಐದರಿಂದ ಏಳು ವರ್ಷದ ಮಗುವಿಗೆ ಅವರ ಎತ್ತರಕ್ಕಿಂತ ನಾಲ್ಕು ಬೆರಳು ಕಡಿಮೆ ಉದ್ದದ ಬಿಲ್ಲು ಸಾಕು, ಹೆಚ್ಚುಕಡಿಮೆ 105 ಸೆಂಟಿಮೀಟರ್. ಎಷ್ಟು ಎಳೆಯುತ್ತಾರೆ ಅನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ. ಮಗು ಎರಡೂ ಕೈ ಚಾಚಿ ನಿಲ್ಲಲಿ, ಬೆರಳ ತುದಿಯಿಂದ ತುದಿಗೆ ಅಳೆದು ಎರಡೂವರೆಯಿಂದ ಭಾಗಿಸಿ. 110 ಬಂದರೆ 44 ಸೆಂಟಿಮೀಟರ್ ಎಳೆತ.

ಕತ್ತಿಯಿಂದ ಬಿದಿರನ್ನು ಉದ್ದಕ್ಕೆ ಸೀಳಿ ಮೂರು ಸೆಂಟಿಮೀಟರ್ ಅಗಲದ ಒಂದು ಪಟ್ಟಿ ತೆಗೆಯಿರಿ. ದಪ್ಪ ಸದ್ಯಕ್ಕೆ ಎಂಟು ಮಿಲಿಮೀಟರ್ ಇರಲಿ. ಸೀಳಿದ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ, ಮೊದಲು ಅದನ್ನು ಮರಳು ಕಾಗದದಿಂದ ಉಜ್ಜಿ ಮೊಂಡು ಮಾಡಿ. ನಡುವೆ ಹಿಡಿಕೆಗೆ ಒಂದು ಗೇಣು ಬಿಟ್ಟು ಎರಡೂ ಬದಿ ತುದಿಯ ಕಡೆ ಹೋದಂತೆ ಅಗಲ ಕಡಿಮೆ ಮಾಡುತ್ತಾ ಬನ್ನಿ, ತುದಿಯಲ್ಲಿ ಒಂದೂವರೆ ಸೆಂಟಿಮೀಟರ್ ಉಳಿದರೆ ಸಾಕು. ಹುರಿ ಕೂರುವ ಕಚ್ಚನ್ನು ತುದಿಯಿಂದ ಎರಡು ಸೆಂಟಿಮೀಟರ್ ಈಚೆಗೆ, ಎರಡು ಪಕ್ಕದಲ್ಲಿ ಮಾತ್ರ ಹಾಕಿ. ಕಚ್ಚಿನ ಕೆಳಗೆ ನೂಲು ಬಿಗಿಯಾಗಿ ಸುತ್ತಿದರೆ ಸೀಳುವುದಿಲ್ಲ.

ಹುರಿಗೆ ಮಲ್ಪೆಯ ಕಡೆ ಬಲೆ ಸಾಮಾನು ಮಾರುವ ಯಾವ ಅಂಗಡಿಗೆ ಹೋದರೂ ಆಗುತ್ತದೆ. ಹೆಣೆದ ಪಾಲಿಯೆಸ್ಟರ್ ಹುರಿ ಕೇಳಿ, ನೈಲಾನ್ ಜಾಸ್ತಿ ಹಿಗ್ಗುತ್ತದೆ. ಗಾಳದ ತಂಗೂಸಿ ಮಾತ್ರ ಬೇಡ, ಬೆರಳು ಕೊಯ್ಯುತ್ತದೆ. ಎರಡೂ ತುದಿಗೆ ಜಾರದ ಕುಣಿಕೆ.

ಈಗ ನಿಜವಾದ ಕೆಲಸ. ಬಿಲ್ಲಿನ ಹಿಡಿಕೆಯನ್ನು ಕಿಟಕಿ ಸರಳಿಗೋ ಪಕಾಸಿಗೋ ಅಡ್ಡಲಾಗಿ ಕಟ್ಟಿ, ಹುರಿ ಕೆಳಗೆ ಬರಲಿ. ಹುರಿಯ ಮಧ್ಯಕ್ಕೆ ಒಂದು ಚೀಲ ತೂಗಿಸಿ, ಅದರಲ್ಲಿ ಒಂದು ಲೀಟರಿನ ನೀರಿನ ಬಾಟ್ಲಿ ಇಡಿ. ಒಂದು ಲೀಟರ್ ಅಂದರೆ ಒಂದು ಕೆಜಿ, ತಕ್ಕಡಿ ಬೇಡ. ದೂರ ಹೋಗಿ ನಿಂತು ನೋಡಿ. ಬಿಲ್ಲಿನ ಎರಡು ಕೈಯೂ, ಅಂದರೆ ಹಿಡಿಕೆಯ ಆಚೀಚೆಯ ಭಾಗಗಳು, ಒಂದೇ ರೀತಿ ಬಾಗಿವೆಯಾ? ಯಾವ ಭಾಗ ಕೋಲಿನ ಹಾಗೆ ನೆಟ್ಟಗೆ ನಿಂತಿದೆ? ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಇಳಿಸಿ, ಒಳಮೈಯನ್ನು ಒಡೆದ ಗಾಜಿನ ಚೂರಿನಿಂದ ಕೆರೆಯಿರಿ. ಚೂರಿನ ಇನ್ನೊಂದು ಅಂಚಿಗೆ ದಪ್ಪ ಬಟ್ಟೆ ಸುತ್ತಿ ಹಿಡಿಯಿರಿ. ಗಾಜು ಸರಿಯಾದ ಓರೆಯಲ್ಲಿ ಕೂತರೆ ಸರ್‍ರ್ ಅಂತ ತೆಳ್ಳಗಿನ ಸುರುಳಿ ಏಳುತ್ತದೆ, ಬೆರಳಲ್ಲಿ ಹಿಡಿದರೆ ಈರುಳ್ಳಿ ಸಿಪ್ಪೆಯಷ್ಟೇ ಭಾರ. ಪುಡಿ ಬರುತ್ತಿದ್ದರೆ ಚೂರು ಮೊಂಡಾಗಿದೆ ಅಂತ ಅರ್ಥ. ಹತ್ತು ಸಲ ಕೆರೆದು ಮತ್ತೆ ತೂಗಿಸಿ ನೋಡಿ. ಬಗ್ಗದ ಕಡೆ ಕೆರೆಯಿರಿ, ಬಗ್ಗುವ ಕಡೆ ಕೈ ಹಾಕಬೇಡಿ. ಗಂಟು ಇರುವಲ್ಲಿ ಸ್ವಲ್ಪ ದಪ್ಪ ಉಳಿಸಿ.

ನನಗೆ ಇದಕ್ಕೆ ಎರಡು ಸಂಜೆ ಹಿಡಿಯಿತು. ಅವಸರ ಮಾಡಿದರೆ ಒಂದು ಬದಿ ಮೆತ್ತಗಾಗಿ, ಅದನ್ನು ಸರಿದೂಗಿಸಲು ಇನ್ನೊಂದು ಬದಿ ಕೆರೆದು, ಕೊನೆಗೆ ಬಿಲ್ಲು ಹೋಗಿ ಬಾರುಕೋಲು ಆಗುತ್ತದೆ. ಮೂರು ಬಾಟ್ಲಿ ತೂಗಿದಾಗ ಹುರಿ ಹಿಡಿಕೆಯಿಂದ 44 ಸೆಂಟಿಮೀಟರ್ ಕೆಳಗೆ ಬಂದರೆ ನಿಲ್ಲಿಸಿ. ಮೂರು ಕೆಜಿ ಏನು ಮಹಾ ಅಂತ ಅನ್ನಿಸಬಹುದು. ನನ್ನ ಭಾವ ಹಾಗೇ ನಕ್ಕರು. ಆದರೆ ಆರು ವರ್ಷದ ಮಗುವಿಗೆ ನಾಲ್ಕೂವರೆ ಕೆಜಿ, ಅಂದರೆ ಹತ್ತು ಪೌಂಡ್ ದಾಟಿದರೆ ಭುಜ ಎತ್ತಿ, ಬೆನ್ನು ತಿರುಚಿ ಎಳೆಯಲು ಶುರು ಮಾಡುತ್ತದೆ. ಹಾಗೆ ಎಳೆದು ಅಭ್ಯಾಸ ಆದರೆ ಆಮೇಲೆ ಬಿಡಿಸುವುದು ಕಷ್ಟ.

ಹುರಿ ಏರಿಸಿದಾಗ ಹಿಡಿಕೆಗೂ ಹುರಿಗೂ ನಡುವೆ ಮಗುವಿನ ಮುಷ್ಟಿ, ಅದರ ಮೇಲೆ ಎತ್ತಿದ ಹೆಬ್ಬೆರಳು, ಇಷ್ಟು ಅಂತರ ಬೇಕು. ಹಿಡಿಕೆಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ.

ಬಾಣಕ್ಕೆ ಎಂಟು ಮಿಲಿಮೀಟರ್ ದಪ್ಪದ ನೇರ ಬಿದಿರು ಕಡ್ಡಿ, ಎಳೆತಕ್ಕಿಂತ ಒಂದು ಐದಾರು ಸೆಂಟಿಮೀಟರ್ ಉದ್ದ ಇರಲಿ, ಇಲ್ಲದಿದ್ದರೆ ಎಳೆಯುವಾಗ ತುದಿ ಬಿಲ್ಲಿನ ಹಿಂದೆ ಬಂದು ಕೈಗೆ ಚುಚ್ಚುತ್ತದೆ. ಬಾಣದ ಮೂತಿ ಕಣ್ಣಿನ ಗೂಡಿಗಿಂತ ದೊಡ್ಡದಿರಬೇಕು, ಇದರಲ್ಲಿ ರಾಜಿ ಇಲ್ಲ. ಹಳೇ ಹವಾಯಿ ಚಪ್ಪಲಿಯಿಂದ ಐದು ಸೆಂಟಿಮೀಟರಿನ ಮೂರು ಬಿಲ್ಲೆ ಕೊಯ್ದು, ಒಂದರ ಮೇಲೊಂದು ಅಂಟಿಸಿ. ಕೆಳಗಿನ ಎರಡಕ್ಕೆ ತೂತು ಹಾಕಿ ಕಡ್ಡಿ ತೂರಿಸಿ, ಮೇಲಿನದು ಮುಚ್ಚಳದ ಹಾಗೆ ಇರಲಿ. ಮುಂದೆ ಇಷ್ಟು ಭಾರ ಇದ್ದರೆ ಹಿಂದೆ ಗರಿ ಇಲ್ಲದೆಯೂ ನೇರ ಹೋಗುತ್ತದೆ. ಮಗನಿಗೆ ಗರಿ ಬೇಕೇ ಬೇಕು ಅಂತಾಯಿತು, ಊರ ಕೋಳಿಯ ಎರಡು ಗರಿ ಅಂಟಿಸಿದೆ. ಅಲಂಕಾರಕ್ಕೆ, ಅಷ್ಟೇ.

ಹುರಿ ತಾಗಿ ಮುಂಗೈ ಕೆಂಪಾಗುವುದು ಖಂಡಿತ. ಅದಕ್ಕೆ ಅಡಿಕೆ ಹಾಳೆಯನ್ನು ನೆನೆಸಿ, ಕೈಯ ಆಕಾರಕ್ಕೆ ಬಗ್ಗಿಸಿ ಒಣಗಿಸಿ ಕಟ್ಟಿದರೆ ಒಳ್ಳೇ ರಕ್ಷೆ.

ಗುರಿಗೆ ಗೋಣಿಯಲ್ಲಿ ಬೈಹುಲ್ಲು ತುಂಬಿ, ಮೂರು ನಾಲ್ಕು ಮೀಟರ್ ದೂರದಲ್ಲಿ ಇಡಿ, ಹಿಂದೆ ಗೋಡೆ ಇರಲಿ. ಬಾಣ ಹೂಡದೆ ಖಾಲಿ ಹುರಿ ಎಳೆದು ಬಿಡಬಾರದು ಅನ್ನುವುದನ್ನು ಮೊದಲ ದಿನವೇ ಹೇಳಿ, ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ಹೊಡೆದು ಅದು ಸೀಳುತ್ತದೆ. ದೊಡ್ಡವರು ಪಕ್ಕದಲ್ಲಿ ನಿಲ್ಲದೆ ಆಟ ಇಲ್ಲ. ಬಾಣ ಹೆಕ್ಕಲು ಹೋಗುವಾಗ ಎಲ್ಲರೂ ಒಟ್ಟಿಗೇ ಹೋಗುವುದು. ಪಕ್ಕದ ಮನೆಯ ಹುಂಜ ಗುರಿ ಅಲ್ಲ ಅಂತ ನಾನು ಬೇರೆ ಹೇಳಬೇಕಾಯಿತು.

ಆಟ ಮುಗಿದ ಮೇಲೆ ಹುರಿ ಇಳಿಸಿ, ಬಿಲ್ಲನ್ನು ಒಣ ಜಾಗದಲ್ಲಿ ಅಡ್ಡ ಮಲಗಿಸಿಡಿ. ವರ್ಷದಲ್ಲಿ ಮಗು ಇದನ್ನು ಮೀರಿ ಬೆಳೆಯುತ್ತದೆ. ಬಿದಿರಿನಲ್ಲಿ ಇನ್ನೊಂದೆರಡು ಪಟ್ಟಿ ಉಳಿದಿರುತ್ತವಲ್ಲ, ಅವನ್ನು ಅಟ್ಟದಲ್ಲೇ ಬಿಡಿ.