ಅತ್ತೆಯ ದನಿ ಹಿಡಿದುಕೊಟ್ಟ ಗೋಡೆ ಗಡಿಯಾರ

ಗಡಿಯಾರದ ಟಿಕ್ ಟಿಕ್ ಎಣಿಸಿ ಕ್ಯಾಸೆಟ್ಟಿನ ವೇಗ ಸರಿ ಮಾಡ್ತೇನೆ ಅಂದಾಗ, ಹಳೇ ಟೇಪು ಕೆದಕುವ ನಮ್ಮ ಗೆಳೆಯರೆಲ್ಲ ನಕ್ಕಿದ್ದರು. ಈಗ ಕೆಲಸ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಸೋದರತ್ತೆ ತೀರಿಕೊಂಡು ನಾಲ್ಕು ವರ್ಷವಾಯಿತು. ಸಾಗರದ ಕಡೆಯ ಹಳ್ಳಿ ಮನೆ. ಮದುವೆಗೆ, ಉಪನಯನಕ್ಕೆ ಹಾಡು ಹೇಳಲು ಸುತ್ತಲಿನ ಊರಿನವರು ಅವಳನ್ನೇ ಕರೆಯುತ್ತಿದ್ದರು. ಹಸೆಗೆ ಕರೆಯುವ ಹಾಡು, ಬಾಗಿಲು ತಡೆಯುವ ಹಾಡು, ಆರತಿ ಹಾಡು, ಎಲ್ಲವೂ ಬಾಯಲ್ಲೇ. ಬರೆದಿಟ್ಟದ್ದು ಒಂದೂ ಇಲ್ಲ. 1993ರ ಮಳೆಗಾಲದಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ಮಾವನ ಟೇಪ್ ರೆಕಾರ್ಡರ್ ಇಟ್ಟು ಅವಳಿಂದ ನಾಲ್ಕು ಕ್ಯಾಸೆಟ್ ಹಾಡಿಸಿದ್ದೆ. ಅವಳು ಹೋದ ಮೇಲೆ ನಾಗಂದಿಗೆಯ ಮೇಲಿನ ಡಬ್ಬಿ ತೆಗೆದರೆ ನಾಲ್ಕಕ್ಕೂ ಬಿಳಿ ಬೂಸ್ಟು.

ಬೂಸ್ಟು ಹಿಡಿದ ಟೇಪನ್ನು ನೇರ ಡೆಕ್ಕಿಗೆ, ಅಂದರೆ ಕ್ಯಾಸೆಟ್ ನುಡಿಸುವ ಯಂತ್ರಕ್ಕೆ, ಹಾಕಬಾರದು ಅಂತ ಟೇಪು ಕೆದಕುವವರಿಗೆಲ್ಲ ಗೊತ್ತು. ನನಗೆ ಆಗ ಗೊತ್ತಿರಲಿಲ್ಲ. 1,800 ರೂಪಾಯಿ ಕೊಟ್ಟು ತರಿಸಿದ ಯುಎಸ್‌ಬಿ ಪ್ಲೇಯರ್ ಮೊದಲ ದಿನವೇ ಟೇಪ್ ನುಂಗಿತು. ಹೆದರಿ ಇನ್ನೊಂದನ್ನು ಒಂದು ಸ್ಟುಡಿಯೋಗೆ ಕೊಟ್ಟೆ. 600 ಏನೋ ತೆಗೆದುಕೊಂಡರು. ವಾಪಸ್ ಬಂದ ಫೈಲಿನಲ್ಲಿ ಮಳೆಯೂ ಇಲ್ಲ, ಬಳೆ ಸದ್ದೂ ಇಲ್ಲ. ಗದ್ದಲ ಒರೆಸುವ ನಾಯ್ಸ್ ರಿಡಕ್ಷನ್ ಎಳೆದು ಎಳೆದು ಅತ್ತೆ ಕೊಡಪಾನದೊಳಗೆ ಕೂತು ಹಾಡಿದ ಹಾಗೆ ಮಾಡಿಟ್ಟಿದ್ದರು.

ಆಮೇಲೆ ಬೆಂಗಳೂರಿನ ಸಂಡೆ ಬಜಾರಿನಲ್ಲಿ ಒಂದು ಹಳೇ ಡೆಕ್ ಸಿಕ್ಕಿತು. ಆರು ಸಾವಿರ ಹೇಳಿದ್ದನ್ನು ನಾಲ್ಕೂವರೆಗೆ ಇಳಿಸಿದೆ. ಬೆಲ್ಟ್ ಕರಗಿ ಡಾಂಬರಾಗಿತ್ತು. ಬೆಲ್ಟ್, ಟೇಪ್ ಎಳೆಯುವ ಪಿಂಚ್ ರೋಲರ್ ಸೇರಿ ಮತ್ತೆ ಒಂಬೈನೂರು. ಕ್ಯಾಸೆಟ್ಟಿನ ಹೊರಗಿನ ಶೆಲ್ ಬಿಚ್ಚಿ, ಟೇಪನ್ನು ಕೈಯಲ್ಲೇ ಸುತ್ತುತ್ತಾ ಒರೆಸಿದೆ. ಒಂದು ಕ್ಯಾಸೆಟ್ಟಿಗೆ ಒಂದು ಭಾನುವಾರ ಪೂರ್ತಿ. ತೇವ ಹೋಗಲಿ ಅಂತ ಮಧ್ಯೆ ಒಂದನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟೆ. ಅಕ್ಕಿ ಹಿಟ್ಟಿನ ಧೂಳು ಒಳಗೆ ಸೇರಿ ಇನ್ನೊಂದು ಭಾನುವಾರ ಹೋಯಿತು. ಟೇಪನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಯಾಡ್ ಉದುರಿದ್ದಕ್ಕೆ ಭಜನೆ ಕ್ಯಾಸೆಟ್ ಒಂದರ ಹೊಟ್ಟೆ ಬಗೆದೆ. ದೇವರು ಕ್ಷಮಿಸಲಿ.

ಅಂತೂ ಹಾಡು ಬಂತು. ಅಪ್ಪನಿಗೆ ಕೇಳಿಸಿದೆ. ಐದು ನಿಮಿಷ ಕೇಳಿ, "ಇದು ನಮ್ಮ ಅಕ್ಕ ಅಲ್ಲ, ಯಾರೋ ಹುಡುಗಿ" ಅಂದರು.

ಅವರು ಹೇಳಿದ್ದು ನಿಜ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಎಲ್ಲಿರುತ್ತಿತ್ತು? ಸೆಲ್ ಹಾಕಿ ರೆಕಾರ್ಡ್ ಮಾಡಿದ್ದೆ. ಸೆಲ್ ಇಳಿದ ಹಾಗೆ ಮೋಟಾರ್ ನಿಧಾನ. ಈಗ ಸರಿ ವೇಗದಲ್ಲಿ ಹಾಕಿದರೆ ದನಿ ಮೇಲೆ ಹೋಗುತ್ತದೆ. ಅದೂ ಒಂದೇ ಸಮ ಅಲ್ಲ. ಮೊದಲು ಸ್ವಲ್ಪ, ಕೊನೆಗೆ ಜಾಸ್ತಿ. ಇಡೀ ಟೇಪನ್ನು ನೂರಕ್ಕೆ ಎಂಟು ನಿಧಾನ ಮಾಡಿ ನೋಡಿದೆ. ಮೊದಲ ಹಾಡಿನಲ್ಲಿ ಗಂಡು ದನಿ, ಕೊನೆಯದರಲ್ಲಿ ಆಗಲೂ ಹುಡುಗಿಯೇ. ಕರೆಂಟಿನಿಂದ ರೆಕಾರ್ಡಿಂಗಿಗೆ ಸೇರುವ, ಒಂದೇ ಶ್ರುತಿಯ 50 ಹರ್ಟ್ಜ್ ಗುಂಯ್‌ ಹಿಡಿದು ಅಳೆ ಅಂತ ಗೆಳೆಯರೊಬ್ಬರು ಹೇಳಿದರು. ಕರೆಂಟೇ ಇಲ್ಲದ ಮನೆಯಲ್ಲಿ ಗುಂಯ್ ಎಲ್ಲಿಂದ ಬರಬೇಕು?

ಎರಡು ತಿಂಗಳು ಹಾಗೇ ಬಿಟ್ಟಿದ್ದೆ. ಒಂದು ರಾತ್ರಿ ಸುಮ್ನೆ ಕೇಳುತ್ತಾ ಕೂತಾಗ ಹಾಡಿನ ನಡುವೆ ಢಣ್ ಅಂತ ಒಂದು ಹೊಡೆತ. ಜಗುಲಿಯ ಗಡಿಯಾರ! ಅರ್ಧ ಗಂಟೆಯ ಹೊಡೆತ. ಹೆಡ್‌ಫೋನ್ ಹಾಕಿ ಕೇಳಿದರೆ ಮಳೆಯ ಹಿಂದೆ ಟಿಕ್ ಟಿಕ್ ಕೂಡ ಇದೆ.

ಆ ಗಡಿಯಾರ ಅತ್ತೆ ಮನೆಯಲ್ಲಿ ಇನ್ನೂ ಇತ್ತು, ನಿಂತಿತ್ತು. ಶಿವಮೊಗ್ಗದಲ್ಲಿ 1,200 ಕೊಟ್ಟು ರಿಪೇರಿ ಮಾಡಿಸಿದೆ. ವೇಗ ಬದಲಿಸುವ ಪೆಂಡುಲಮ್ಮಿನ ತಿರುಪು ಮಾತ್ರ ಮುಟ್ಟಬೇಡಿ ಅಂತ ಮೂರು ಸಲ ಹೇಳಿ ಬಂದೆ. ಎಣಿಸಿದರೆ ನಿಮಿಷಕ್ಕೆ ಸುಮಾರು 116 ಟಿಕ್. ಕ್ಯಾಸೆಟ್ಟಿನಲ್ಲಿ ಶುರುವಿಗೆ 119, ಎ ಸೈಡ್ ಮುಗಿಯುವಾಗ 131. ಅಂದರೆ ಕೊನೆಗೆ ಎರಡು ಸ್ವರಸ್ಥಾನದಷ್ಟು ಮೇಲೆ. ಎರಡೆರಡು ನಿಮಿಷಕ್ಕೊಮ್ಮೆ ಎಣಿಸಿ, ಆಡಾಸಿಟಿ ಅನ್ನುವ ಆಡಿಯೋ ತಂತ್ರಾಂಶದಲ್ಲಿ ವೇಗ ಬದಲಿಸುವ ಟೈಮ್ ಟ್ರ್ಯಾಕಿನಲ್ಲಿ ಚುಕ್ಕಿ ಇಡುತ್ತಾ ಹೋದೆ. ಡೆಕ್‌ನ ಸ್ವಂತ ವೇಗ ಟೆಸ್ಟ್ ಟೇಪ್ (ಶ್ರುತಿ ಮೊದಲೇ ಗೊತ್ತಿರುವ ಅಳತೆಯ ಟೇಪ್) ಹಾಕಿ ಮೊದಲೇ ಸರಿ ಮಾಡಿಕೊಂಡಿರಬೇಕು. ಜೋರು ಮಳೆಯೊಳಗಿಂದ ಟಿಕ್ ಹೇಗೆ ಹೆಕ್ಕಿದೆ ಅನ್ನುವುದನ್ನು ಮಾತ್ರ ಇಲ್ಲಿ ಬಿಚ್ಚುವುದಿಲ್ಲ. ಎರಡು ತಿಂಗಳ ನಿದ್ದೆಗೆಟ್ಟ ವಿದ್ಯೆ ಅದು. ಇಷ್ಟು ಹೇಳ್ತೇನೆ, ಫಿಲ್ಟರ್ ಒಂದರಿಂದಲೇ ಆಗುವುದಿಲ್ಲ.

"ಆಗ ಗಡಿಯಾರ ಸರಿಯಾಗಿ ಓಡ್ತಿತ್ತು ಅಂತ ಏನು ಗ್ಯಾರಂಟಿ?" ಇದು ಎಲ್ಲರ ಪ್ರಶ್ನೆ. ದಿನಕ್ಕೆ ಹತ್ತು ನಿಮಿಷ ಮುಂದೆ ಓಡಿದರೂ ತಪ್ಪು ನೂರಕ್ಕೆ ಒಂದೂ ಆಗುವುದಿಲ್ಲ, ಲೆಕ್ಕ ಹಾಕಿ ನೋಡಿ. ಅತ್ತೆ ಹತ್ತು ನಿಮಿಷ ಬಿಡುವವಳೂ ಅಲ್ಲ. ಭದ್ರಾವತಿ ಆಕಾಶವಾಣಿಯಲ್ಲಿ ಸಮಯ ಹೇಳಿದ ಕೂಡಲೇ ಸ್ಟೂಲ್ ಹತ್ತಿ ಮುಳ್ಳು ಸರಿಸುತ್ತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಇನ್ನೂ ದೋಸೆ ಸಟ್ಟುಗ. ಸಾಲದು ಅಂದರೆ ಆ ಢಣ್ ಇದೆಯಲ್ಲ? ಈಗಿನ ಹೊಡೆತ ಮೊಬೈಲಿನಲ್ಲಿ ಹಿಡಿದು ಪಕ್ಕದಲ್ಲಿಟ್ಟೆ. ಸರಿ ಮಾಡಿದ ಟೇಪಿನ ಢಣ್, ಈಗಿನ ಢಣ್, ಎರಡೂ ಒಂದೇ ಶ್ರುತಿ. ಆ ರಾತ್ರಿ ಎರಡು ಗಂಟೆಗೆ ಒಬ್ಬನೇ ಚಪ್ಪಾಳೆ ಹೊಡೆದೆ.

ಚಪ್ಪಾಳೆ ನಿಂತ ಮೇಲೆ ಟೇಪ್ ಓಡುತ್ತಲೇ ಇತ್ತು. ಎರಡು ಹಾಡಿನ ನಡುವೆ ಅತ್ತೆ ನನಗೆ, "ಮಾಣಿ, ಬಾಗ್ಲು ಹಾಕು, ಇರಚಲು ಹೊಡೀತು" ಅಂದಳು. ಅದು ಮೊದಲೂ ಇತ್ತು. ಹುಡುಗಿ ದನಿಯಲ್ಲಿ ನಲವತ್ತು ಸಲ ಕೇಳಿದ್ದೆ, ಏನೂ ಆಗಿರಲಿಲ್ಲ.

ಮರುವಾರ ಅಪ್ಪನನ್ನು ಕೂರಿಸಿದೆ. ಹಸೆ ಹಾಡು ಪೂರ್ತಿ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೂ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಎರಡನೇ ನುಡಿ ಹಾರಿಸಿದ್ದಾಳೆ. ಯಾವಾಗಲೂ ಇದೇ ಕತೆ ಇವಳದ್ದು" ಅಂದರು.